114 ಮರಾಠಾ, 10/5 ಮರಾಠಾ

ಈ ಸಲ ಗಣಪತಿ ಹಬ್ಬಕ್ಕೆ ಪಾರಿಶ್ವಾಡಕ್ಕೆ ಹೋದಾಗ, ಬ್ಯಾಗು ಇಳಿಸೋ ಮುಂಚೆಯೇ ಒಂದು ಕೆಲಸ ಕಾದಿತ್ತು. ನಮ್ಮ ಓಣಿಯಲ್ಲಿ ಎರಡು ಮನೆಗಳಿವೆ, ನಡುವೆ ಒಂದೇ ಗೋಡೆ. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು. ಇಬ್ಬರಿಗೂ ನಾನು ಕಾಕಾ ಅಂತಲೇ ಅನ್ನೋದು. ಮನೆಯೊಳಗೆ ಮರಾಠಿ, ನಮ್ಮ ಜೊತೆ ಕನ್ನಡ, ಜಗಳಕ್ಕೆ ಎರಡೂ. ಅವರಿಬ್ಬರು ಮಾತು ಬಿಟ್ಟು ಎಷ್ಟು ವರ್ಷ ಆಯ್ತು ಅಂತ ಓಣಿಯಲ್ಲಿ ಯಾರಿಗೂ ಸರಿಯಾಗಿ ಲೆಕ್ಕ ಇಲ್ಲ.

ಈಗ ಇಬ್ಬರೂ ಒಂದು ವಿಷಯಕ್ಕೆ ಮಾತ್ರ ಒಪ್ಪಿದ್ದಾರೆ. ಮೊದಲನೇ ಮಹಾಯುದ್ಧಕ್ಕೆ ಹೋಗಿ ಬಂದ ಅಜ್ಜನ ಹೆಸರಲ್ಲಿ ಹೊಲದಲ್ಲಿ ಒಂದು ಕಲ್ಲು ನಿಲ್ಲಿಸಬೇಕು. ಅಜ್ಜ ಒಬ್ಬನೇ, ಇಬ್ಬರಿಗೂ ಅವನೇ. ಆದರೆ ಕಲ್ಲಿನ ಮೇಲೆ ಏನು ಬರೆಸಬೇಕು ಅನ್ನೋದಕ್ಕೆ ಕೆಲಸ ನಿಂತಿದೆ. ಹಿರಿಯ ಮನೆಯಲ್ಲಿ ಒಂದು ಬೆಳ್ಳಿ ಮೆಡಲ್ ಇದೆ. ಒಂದು ಕಡೆ ದೊರೆ ಐದನೇ ಜಾರ್ಜ್‌ನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬರಿಮೈಯ ಮನುಷ್ಯ, 1914 ಮತ್ತು 1918. ಅಂಚಿನಲ್ಲಿ ಅಕ್ಷರ ಕೊರೆದಿದ್ದಾರೆ, ನಂಬರು ಸವೆದುಹೋಗಿದೆ, ಹೆಸರು ಅರ್ಧ ಓದಕ್ಕೆ ಬರುತ್ತೆ, ಕೊನೆಯಲ್ಲಿ ‘114 ಮರಾಠಾಸ್’ ಅನ್ನೋದು ಮಾತ್ರ ಸ್ಪಷ್ಟ. ಕಿರಿಯ ಮನೆಯಲ್ಲಿ ಒಂದು ಕಾಗದ. ನಾಲ್ಕು ಮಡಿಕೆಯಲ್ಲಿ ಹರಿದು, ಹಿಂದೆ ಅಂಟು ಹಚ್ಚಿರೋ ಡಿಸ್ಚಾರ್ಜ್ ಸರ್ಟಿಫಿಕೇಟು, 1925ರದ್ದು. ಅದರಲ್ಲಿ ಊರು ಇದೆ, ಖಾನಾಪುರ ತಾಲೂಕು ಇದೆ, ಪಲ್ಟನ್ ಅಂದಲ್ಲಿ ‘10/5 ಮರಾಠಾ ಎಲ್‌ಐ’ ಅಂತಿದೆ.

“ನೋಡಪಾ,” ಅಂದ್ರು ಕಿರಿಯ ಕಾಕಾ, “ಸರ್ಕಾರದ ಕಾಗದದಾಗ 10/5 ಐತಿ. ಅವರ ಮೆಡಲ್‌ದಾಗ 114. ಒಬ್ಬ ಮನಷ್ಯಾ ಎರಡು ಪಲ್ಟನ್‌ದಾಗ ಹೆಂಗ ಇರ್ತಾನ? ಆ ಮೆಡಲ್ ಬೆಳಗಾವಿ ಬಾಜಾರದಾಗ ತೂಕಕ್ಕ ತಂದದ್ದು.”

ಹಿರಿಯ ಕಾಕಾ ಇದನ್ನ ಗೋಡೆಯ ಆ ಕಡೆಯಿಂದಲೇ ಕೇಳಿಸಿಕೊಂಡಿರಬೇಕು. ಸಂಜೆ ಆರತಿಗೆ ಹೋದಾಗ ಮೆಡಲ್ ನನ್ನ ಕೈಗಿಟ್ಟು, “ನಿಂದು ಕಂಪ್ಯೂಟರ್ ಕೆಲಸ ಅಲ್ಲೇನೋ ತಮ್ಮಾ, ಹುಡುಕಿ ಹೇಳು. ನಮ್ಮಪ್ಪ ಸಾಯೋತನಕ ಇದನ್ನ ದೇವರ ಮಾಡದಾಗ ಇಟ್ಟಿದ್ದ. ಅಂವ ಸುಳ್ಳನಾ?” ಅಂದ್ರು.

ಸಾಫ್ಟ್‌ವೇರ್ ಅಂದ್ರೆ ಊರಲ್ಲಿ ಎಲ್ಲದಕ್ಕೂ ಪರಿಹಾರ. ಪ್ರಿಂಟರ್ ಕೆಟ್ಟರೂ ನಾನೇ, ಪಹಣಿಯಲ್ಲಿ ಹೆಸರು ತಪ್ಪಾದರೂ ನಾನೇ. ಆದರೆ ಇದರಲ್ಲಿ ನನಗೂ ಕುತೂಹಲ ಹುಟ್ಟಿತು. ಯಾಕಂದ್ರೆ ನನ್ನ ಆಫೀಸಿನಲ್ಲೂ ಇದೇ ಪಜೀತಿ. ನಾಲ್ಕು ವರ್ಷದಲ್ಲಿ ನಮ್ಮ ಟೀಮಿನ ಹೆಸರು ಮೂರು ಸಲ ಬದಲಾಗಿದೆ, ಕೂರೋ ಕುರ್ಚಿ ಅದೇ. ಹಳೆ ಡಾಕ್ಯುಮೆಂಟಿನಲ್ಲಿರೋ ಟೀಮನ್ನ ಹುಡುಕಿದ್ರೆ ‘ಅಂಥ ಟೀಮ್ ಇಲ್ಲ’ ಅಂತ ಬರುತ್ತೆ. ಆ ಟೀಮಿನವರು ಪಕ್ಕದಲ್ಲೇ ಕೂತು ಚಹಾ ಕುಡಿತಿರ್ತಾರೆ.

ಕಾಕಾಗಳ ಅಜ್ಜನಿಗೂ ಆಗಿದ್ದು ಅದೇ. ಅವನು ಪಲ್ಟನ್ ಬಿಟ್ಟಿಲ್ಲ. ಪಲ್ಟನ್ನೇ ಹೆಸರು ಬಿಟ್ಟಿದೆ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು ಸೈನ್ಯಗಳಿದ್ದವು. ಮೂರರಲ್ಲೂ ಪಲ್ಟನ್‌ಗಳಿಗೆ 1ರಿಂದ ನಂಬರು. ಅಂದ್ರೆ 3ನೇ ಪಲ್ಟನ್ ಅಂದ್ರೆ ಮೂರು ಬೇರೆ ಬೇರೆ ಪಲ್ಟನ್! ಕೋಡ್ ಬರೆಯೋರಿಗೆ ಇದು ಎಂಥ ತಲೆನೋವು ಅಂತ ಗೊತ್ತು. 1903ರಲ್ಲಿ ಸೇನಾಧಿಪತಿ ಲಾರ್ಡ್ ಕಿಚನರ್ ಎಲ್ಲರನ್ನೂ ಒಂದೇ ಸಾಲಿಗೆ ತಂದ. ನಮ್ಮವರೇ ಯಾರೋ ಮಾಡಿದ ಹಾಗೆ ಸುಲಭದ ಉಪಾಯ: ಮದ್ರಾಸ್ ಪಲ್ಟನ್‌ಗಳ ಹಳೆ ನಂಬರಿಗೆ 60 ಕೂಡಿಸು, ಬಾಂಬೆ ಪಲ್ಟನ್‌ಗಳಿಗೆ 100 ಕೂಡಿಸು. ಬಾಂಬೆಯ 3 ಆಯ್ತು 103, 5 ಆಯ್ತು 105, 10 ಆಯ್ತು 110, 14 ಆಯ್ತು 114. ಬೆಳಗಾವಿ ಜಿಲ್ಲೆ ಆಗ ಬಾಂಬೆ ಪ್ರಾಂತ್ಯದಲ್ಲಿದ್ದದ್ದರಿಂದ ನಮ್ಮ ಕಡೆಯವರು ಸೇರುತ್ತಿದ್ದದ್ದು ಈ ನೂರರ ಮೇಲಿನ ಪಲ್ಟನ್‌ಗಳಿಗೆ. ಇವುಗಳಲ್ಲಿ ತೀರಾ ಹಳೆಯದಾದ 103, 1768ರಲ್ಲಿ ಕಟ್ಟಿದ್ದು. ಅದಕ್ಕೆ ಇವತ್ತಿಗೂ ಜಂಗಿ ಪಲ್ಟನ್ ಅಂತ ಅಡ್ಡಹೆಸರು.

ನಂಬರು ಒಂದೇ ಸಾಲಿಗೆ ಬಂತು, ಆದರೆ ಒಂದು ದೊಡ್ಡ ತೊಡಕು ಹಾಗೇ ಉಳಿಯಿತು. ಬ್ರಿಟಿಷ್ ರೆಜಿಮೆಂಟ್ ಅಂದ್ರೆ ಹಲವು ಬೆಟಾಲಿಯನ್‌ಗಳ ಒಂದು ಮನೆತನ, ಅದಕ್ಕೊಂದು ಖಾಯಂ ಊರು. ನಮ್ಮ ರೆಜಿಮೆಂಟ್ ಅಂದ್ರೆ ಹೆಚ್ಚಾಗಿ ಒಂದೇ ಬೆಟಾಲಿಯನ್. ಇವತ್ತು ಪುಣೆ, ನಾಳೆ ಮತ್ತೆಲ್ಲೋ. ಶಾಂತಿಕಾಲದಲ್ಲಿ ಇದು ನಡೆಯುತ್ತಿತ್ತು. ಆದರೆ ಯುದ್ಧದಲ್ಲಿ ಒಂದೇ ದಿನ ಇನ್ನೂರು ಮುನ್ನೂರು ಜನ ಬಿದ್ದರೆ, ಆ ಜಾಗಕ್ಕೆ ಯಾರನ್ನ ಕಳಿಸೋದು? ಎಲ್ಲಿಂದ ಕಳಿಸೋದು? ಬೇರೆ ಪಲ್ಟನ್‌ನಿಂದ ಕಿತ್ತು ಕಳಿಸಬೇಕು. ಹೊಸಬರಿಗೆ ಇಲ್ಲಿಯ ಹವಾಲ್ದಾರರ ಮುಖ ಗೊತ್ತಿಲ್ಲ, ಕೆಲವೊಮ್ಮೆ ಭಾಷೆಯೂ ಗೊತ್ತಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾದಾಗ ಇದು ಬಯಲಾಯಿತು. ಮರಾಠಾ ಪಲ್ಟನ್‌ಗಳು ಹೆಚ್ಚಾಗಿ ಹೋದದ್ದು ಮೆಸೊಪೊಟೇಮಿಯಾಕ್ಕೆ, ಅಂದ್ರೆ ಈಗಿನ ಇರಾಕಿಗೆ. ಅಲ್ಲಿ ಟೈಗ್ರಿಸ್ ನದಿ ದಂಡೆಯ ಕುತ್ ಅನ್ನೋ ಊರಲ್ಲಿ ಜನರಲ್ ಟೌನ್‌ಶೆಂಡ್‌ನ ಸೈನ್ಯವನ್ನ ತುರ್ಕರು ಮುತ್ತಿದರು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ, ಹತ್ತಿರ ಹತ್ತಿರ ಐದು ತಿಂಗಳು. ಒಳಗೆ ಸಿಕ್ಕಿಬಿದ್ದವರಲ್ಲಿ ಮೂರು ಮರಾಠಾ ಪಲ್ಟನ್‌ಗಳು: 103, 110 ಮತ್ತು 117. ಊಟ ಮುಗಿದು ಕುದುರೆ ಕಡಿದು ತಿನ್ನೋ ಹೊತ್ತು ಬಂತು. ಕೊನೆಗೆ ಶರಣಾದರು. ಸೆರೆಸಿಕ್ಕವರನ್ನ ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು, ತುಂಬ ಜನ ವಾಪಸ್ ಬರಲೇ ಇಲ್ಲ. ಯೋಚನೆ ಮಾಡಿ, ಒಂದೇ ಏಟಿಗೆ ಮೂರು ಪಲ್ಟನ್ ಖಾಲಿ. ಮನೆಯಲ್ಲಿ ಬ್ಯಾಕಪ್ಪೂ ಇಲ್ಲ. ಹೊಸದಾಗಿ ಕಟ್ಟಬೇಕಾಯಿತು.

114ರದ್ದು ಬೇರೆ ಕಥೆ. ಯುದ್ಧದ ಕಟ್ಟಕಡೆಗೆ, 1918ರ ಅಕ್ಟೋಬರ್ ಕೊನೆಯ ವಾರದಲ್ಲಿ, ಅದೇ ಟೈಗ್ರಿಸ್ ದಂಡೆಯಲ್ಲಿ ಇನ್ನೂ ಉತ್ತರಕ್ಕೆ ಶರ್ಕತ್ ಅನ್ನೋ ಕಡೆ ದೊಡ್ಡ ಕಾಳಗ ನಡೆಯಿತು. ಅಕ್ಟೋಬರ್ 30ಕ್ಕೆ ತುರ್ಕಿ ಸೈನ್ಯ ಶರಣಾಯಿತು. ಅದೇ ದಿನ ತುರ್ಕಿಯ ಜೊತೆ ಕದನವಿರಾಮಕ್ಕೂ ಸಹಿ ಬಿತ್ತು. ಅಂದ್ರೆ ಇನ್ನೊಂದು ವಾರ ತಡೆದಿದ್ದರೆ ಆ ಕಾಳಗವೇ ಬೇಕಿರಲಿಲ್ಲ ಅಂತ ನನಗನ್ನಿಸಿತು. ಆದರೆ ಹಾಗನ್ನೋದು ನೂರು ವರ್ಷದ ಆಮೇಲೆ ಫೋನು ಹಿಡಿದು ಕೂತವನಿಗೆ ಸುಲಭ. ಆ ಒಂದು ಕಾಳಗದಲ್ಲಿ 114ನೇ ಮರಾಠಾ ಪಲ್ಟನ್ನಿಗೆ 28 ಶೌರ್ಯ ಪದಕ ಬಂದವು. ಒಂದೇ ಕಾಳಗದಲ್ಲಿ ಒಂದೇ ಪಲ್ಟನ್ ಪಡೆದದ್ದರಲ್ಲಿ ಆ ಯುದ್ಧದಲ್ಲೇ ಇದು ಅತಿ ಹೆಚ್ಚು ಅಂತ ರೆಜಿಮೆಂಟಿನವರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಬೆಳಗಾವಿಯ ಸೆಂಟರಿನೊಳಗೆ ಶರ್ಕತ್ ಹೆಸರಿನ ಯುದ್ಧ ಸ್ಮಾರಕವೇ ಇದೆ. ತರಬೇತಿ ಮುಗಿಸಿದ ಹುಡುಗರ ಪರೇಡ್ ದಿನ ಅಲ್ಲಿ ಹೂಚಕ್ರ ಇಡ್ತಾರೆ. ಪೇಪರಿನಲ್ಲಿ ಫೋಟೋ ನೋಡಿರ್ತೀರಿ. ಶರ್ಕತ್ ಅಂದ್ರೆ ಯಾರೋ ಸಾಹೇಬನ ಹೆಸರು ಅಂತ ನಾನು ಇಷ್ಟು ದಿನ ತಿಳಿದಿದ್ದೆ.

ಯುದ್ಧ ಮುಗಿಯಿತು. ಖರ್ಚು ಕಡಿಮೆ ಮಾಡಬೇಕು, ಕುತ್‌ನಲ್ಲಿ ಆದದ್ದು ಮತ್ತೆ ಆಗಬಾರದು. 1922ರಲ್ಲಿ ಇಡೀ ಕಾಲಾಳು ಸೈನ್ಯವನ್ನ ಬಿಚ್ಚಿ ಜೋಡಿಸಿದರು. ನೂರಕ್ಕೂ ಹೆಚ್ಚು ಬಿಡಿ ಪಲ್ಟನ್‌ಗಳನ್ನ ಗುಂಪು ಮಾಡಿ 20 ದೊಡ್ಡ ರೆಜಿಮೆಂಟುಗಳು. ಗೂರ್ಖಾಗಳದ್ದು ಬೇರೆ ಲೆಕ್ಕ. ಆರು ಮರಾಠಾ ಪಲ್ಟನ್‌ಗಳು ಸೇರಿ ಆದದ್ದು 5ನೇ ಮರಾಠಾ ಲೈಟ್ ಇನ್‌ಫಂಟ್ರಿ. 103 ಆಯಿತು 1/5, ಅಂದ್ರೆ ಐದನೇ ರೆಜಿಮೆಂಟಿನ ಒಂದನೇ ಬೆಟಾಲಿಯನ್. 105 ಆಯಿತು 2/5. 110 ಆಯಿತು 3/5. 116 ಆಯಿತು 4/5. ಮೆಸೊಪೊಟೇಮಿಯಾದ ಸೇವೆಗೆ ‘ರಾಯಲ್’ ಅನ್ನಿಸಿಕೊಂಡಿದ್ದ 117 ಆಯಿತು 5/5. ಮೊದಲು ಇವುಗಳಲ್ಲಿ ಮೂರಕ್ಕೆ ಮಾತ್ರ ‘ಲೈಟ್ ಇನ್‌ಫಂಟ್ರಿ’ ಅನ್ನೋ ಗೌರವದ ಹೆಸರಿತ್ತು, ಈಗ ಎಲ್ಲರಿಗೂ ಬಂತು.

114?

ಅದು 6/5 ಆಗಲಿಲ್ಲ. 10/5 ಆಯಿತು.

ಕಿರಿಯ ಕಾಕಾನ ಕಾಗದದಲ್ಲಿರೋದು ಇದೇ. ಪ್ರತಿ ರೆಜಿಮೆಂಟಿನಲ್ಲೂ 10 ಅನ್ನೋ ನಂಬರನ್ನ ತರಬೇತಿ ಬೆಟಾಲಿಯನ್ನಿಗೆ ಮೀಸಲಿಟ್ಟರು. ಯುದ್ಧಕ್ಕೆ ಹೋಗೋ ಐದು ಬೆಟಾಲಿಯನ್‌ಗಳಿಗೂ ಹುಡುಗರನ್ನ ತಯಾರು ಮಾಡಿ ಕಳಿಸೋದು ಅದರ ಕೆಲಸ. ಎಲ್ಲಿಗೂ ಅಲೆಯೋ ಹಾಗಿಲ್ಲ, ಒಂದೇ ಊರಲ್ಲಿ ಖಾಯಂ. ಆ ಊರು ಬೆಳಗಾವಿ. ಶರ್ಕತ್‌ನಲ್ಲಿ 28 ಪದಕ ಗೆದ್ದ ಪಲ್ಟನ್ ಬೆಳಗಾವಿಗೆ ಬಂದು ಹೊಸ ಹುಡುಗರಿಗೆ ಎಡಗಾಲು ಬಲಗಾಲು ಕಲಿಸೋಕೆ ಕೂತಿತು.

ಇದು ಬಡ್ತಿಯೋ, ಶಿಕ್ಷೆಯೋ? ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಒಂದು ಕಡೆಯಿಂದ ನೋಡಿದರೆ ಅನ್ಯಾಯ ಅನ್ನಿಸುತ್ತೆ. ಒಳ್ಳೆ ಡೆವಲಪರ್‌ನ ಎಬ್ಬಿಸಿ ಫ್ರೆಶರ್‌ಗಳ ಟ್ರೇನಿಂಗಿಗೆ ಹಾಕಿದ ಹಾಗೆ. ಆ ಪಲ್ಟನ್ನಿನ ಹಳಬರಿಗೆ ಎಷ್ಟು ಸಂಕಟ ಆಗಿರಬೇಕು! ಇನ್ನೊಂದು ಕಡೆಯಿಂದ ನೋಡಿದರೆ, ಇಡೀ ರೆಜಿಮೆಂಟಿನ ಬೇರು ಇಲ್ಲೇ ಊರಿದ್ದು. ಸಾತಾರಾ, ರತ್ನಾಗಿರಿ, ಕೊಲ್ಹಾಪುರ, ಖಾನಾಪುರ, ಹುಡುಗ ಎಲ್ಲಿಯವನೇ ಆಗಲಿ, ಮೊದಲು ಬೆಳಗಾವಿಗೆ ಬಂದು ಇವರ ಕೈಕೆಳಗೆ ಕಲಿತೇ ಮುಂದೆ ಹೋಗಬೇಕು. 1/5ಕ್ಕೆ ಹೋದವನೂ 4/5ಕ್ಕೆ ಹೋದವನೂ ಒಂದೇ ಉಸ್ತಾದನ ಬೈಗುಳ ತಿಂದವರು. ಎರಡನೇ ಮಹಾಯುದ್ಧದ ಕಾಲಕ್ಕೆ ಈ ತರಬೇತಿ ಬೆಟಾಲಿಯನ್‌ಗಳೇ ರೆಜಿಮೆಂಟಲ್ ಸೆಂಟರ್‌ಗಳಾದವು. ನಾವು ಖಾನಾಪುರ ಬಸ್ಸಿನಿಂದ ಇಳಿದು ಕ್ಯಾಂಪ್ ಕಡೆ ಹೋಗುವಾಗ ಕಾಣೋ ಎಂಎಲ್‌ಐಆರ್‌ಸಿ ಬೋರ್ಡಿನ ಹಿಂದಿನ ಕಥೆ ಇದು. ಬೆಳಗಾವಿ ಅಂದ್ರೆ ಕುಂದಾ ಮತ್ತು ಮಿಲಿಟರಿ ಅಂತೀವಲ್ಲ, ಆ ಎರಡನೇದು.

ದಂಡು ಬೆಳಗಾವಿಗೆ ಹೊಸದಲ್ಲ. 1818ರಲ್ಲಿ ಇಂಗ್ಲಿಷರು ಕೋಟೆ ಹಿಡಿದ ಮೇಲೆ ಕಂಟೋನ್ಮೆಂಟ್ ಬೆಳೆಯಿತು. ಆದರೆ ದಂಡು ಇರೋದು ಬೇರೆ, ರೆಜಿಮೆಂಟಿಗೆ ತವರುಮನೆ ಆಗೋದು ಬೇರೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಖುಷಿಯ ಕಥೆ. ಆದರೆ ಮರುಜೋಡಣೆ ಅಂದ್ರೆ ಕೆಲವರಿಗೆ ಸೀಟು, ಕೆಲವರಿಗೆ ಬಾಗಿಲು. ಇದು ನಮ್ಮ ಕಂಪನಿಗಳಲ್ಲೂ ಗೊತ್ತಿರೋದೇ.

ಬಾಂಬೆ ಸೈನ್ಯದಲ್ಲಿ ಮಹಾರ್ ಸೈನಿಕರು ಶುರುವಿನಿಂದಲೂ ದೊಡ್ಡ ಸಂಖ್ಯೆಯಲ್ಲಿದ್ದವರು. ಡಾ. ಅಂಬೇಡ್ಕರ್ ಅವರ ತಂದೆ ರಾಮ್‌ಜಿ ಸಕ್ಪಾಲ್ ಸುಬೇದಾರರಾಗಿದ್ದವರು. 19ನೇ ಶತಮಾನದ ಕೊನೆಗೆ ‘ಯುದ್ಧವೀರ ಜಾತಿಗಳು’ ಅನ್ನೋ ಸಿದ್ಧಾಂತ ತಲೆಗೇರಿದ ಮೇಲೆ ಅವರ ಭರ್ತಿಯನ್ನ ನಿಲ್ಲಿಸಿದರು. ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ 1917ರಲ್ಲಿ 111ನೇ ಮಹಾರ್ಸ್ ಅಂತ ಪಲ್ಟನ್ ಕಟ್ಟಿದರು. ಯುದ್ಧ ಮುಗಿದ ಮೇಲೆ, 1921ರ ಹೊತ್ತಿಗೆ, ಅದನ್ನ ಮುಚ್ಚಿದರು. 1922ರ ಹೊಸ ಪಟ್ಟಿಯಲ್ಲಿ ಮಹಾರ್ ಅನ್ನೋ ಹೆಸರೇ ಇಲ್ಲ. ಬೇಕಾದಾಗ ಕರೆ, ಬೇಡವಾದಾಗ ಕಳಿಸು. ಅಂಬೇಡ್ಕರ್ ಬೆನ್ನು ಹತ್ತಿದ ಮೇಲೆ, ಮತ್ತು ಇನ್ನೊಂದು ಮಹಾಯುದ್ಧ ಬಂದ ಮೇಲೆ, 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಎಲ್ಲಿ? ಇದೇ ಬೆಳಗಾವಿಯಲ್ಲಿ. ಆ ರೆಜಿಮೆಂಟಿನ ಸೆಂಟರ್ ಈಗ ಮಧ್ಯಪ್ರದೇಶದ ಸಾಗರದಲ್ಲಿದೆ. ಬೆಳಗಾವಿಯಲ್ಲೇ ಓದಿ ಬೆಳೆದ ನನ್ನ ಎಷ್ಟು ಗೆಳೆಯರಿಗೆ ಇದು ಗೊತ್ತು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಒಬ್ಬನಿಗೂ ಗೊತ್ತಿರಲಿಲ್ಲ.

ಮದ್ರಾಸಿನದ್ದು ಇನ್ನೂ ಕಠಿಣ. 1922ರಲ್ಲಿ ಅಲ್ಲಿಯ ಪಲ್ಟನ್‌ಗಳನ್ನ ಸೇರಿಸಿ 3ನೇ ಮದ್ರಾಸ್ ರೆಜಿಮೆಂಟ್ ಮಾಡಿದರು. ಮರಾಠಾಕ್ಕಿಂತ ಎರಡು ಮೆಟ್ಟಿಲು ಮೇಲಿನ ನಂಬರು. ಆದರೆ ಮದ್ರಾಸಿನವರು ಯುದ್ಧಕ್ಕೆ ಆಗಿಬರಲ್ಲ ಅನ್ನೋ ಅದೇ ಸಿದ್ಧಾಂತ, ಅದರ ಮೇಲೆ ಖರ್ಚು ಕಡಿತ. ಒಂದೊಂದೇ ಬೆಟಾಲಿಯನ್ ಮುಚ್ಚುತ್ತಾ 1928ರ ಹೊತ್ತಿಗೆ ಇಡೀ ರೆಜಿಮೆಂಟೇ ಇಲ್ಲ. ಆ ಪಲ್ಟನ್‌ಗಳಲ್ಲಿ ಹಲವಕ್ಕೆ ‘ಕರ್ನಾಟಿಕ್ ಇನ್‌ಫಂಟ್ರಿ’ ಅಂತ ಹೆಸರಿತ್ತು. ನಮ್ಮ ಹೆಸರೇ ಅಂತ ಖುಷಿಪಡಬೇಡಿ, ಇಂಗ್ಲಿಷರ ಬಾಯಲ್ಲಿ ಕರ್ನಾಟಿಕ್ ಅಂದ್ರೆ ಆರ್ಕಾಟಿನ ಸುತ್ತಿನ ತಮಿಳು ಸೀಮೆ. ಆದರೂ ನಮ್ಮದೊಂದು ಎಳೆ ಅದರಲ್ಲಿದೆ. ಕೊಡಗಿನ ಕಾರ್ಯಪ್ಪ ಅಧಿಕಾರಿಯಾಗಿ ಮೊದಲು ಸೇರಿದ್ದು 88ನೇ ಕರ್ನಾಟಿಕ್ ಇನ್‌ಫಂಟ್ರಿಗೆ. ಆ ಪಲ್ಟನ್ ಉಳಿಯಲಿಲ್ಲ. ಅವರು ಅಲ್ಲಿ ಇಲ್ಲಿ ವರ್ಗವಾಗಿ, ಕೊನೆಗೆ 7ನೇ ರಾಜಪೂತ್ ರೆಜಿಮೆಂಟಿನ ಒಂದನೇ ಬೆಟಾಲಿಯನ್ನಿನಲ್ಲಿ ನೆಲೆ ನಿಂತರು. 1949ರ ಜನವರಿ 15ಕ್ಕೆ ಸ್ವತಂತ್ರ ಭಾರತದ ಮೊದಲ ಭಾರತೀಯ ದಂಡನಾಯಕ. ಅದೇ ದಿನ ಈಗ ಆರ್ಮಿ ಡೇ. ಅದೇ 1949ರಲ್ಲಿ ಅವರು ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಕಟ್ಟಿದರು, ಯಾವ ಜಾತಿ, ಯಾವ ಪ್ರಾಂತ್ಯದವರಾದರೂ ಸೇರಬಹುದಾದ ರೆಜಿಮೆಂಟ್. ತಾನು ಸೇರಿದ ಮೊದಲ ಪಲ್ಟನ್ನನ್ನೇ ಕಳೆದುಕೊಂಡ ಮನುಷ್ಯ ಅಂತ ತಿಳಿದ ಮೇಲೆ ಅದು ನನಗೆ ಬೇರೆ ಥರ ಕಂಡಿತು. ಅವರು ಹಾಗೆಂದು ಎಲ್ಲೂ ಹೇಳಿದ್ದಾರೆ ಅಂತಲ್ಲ, ಇದು ನನ್ನ ಊಹೆ ಅಷ್ಟೇ.

ನಮ್ಮ ಮನೆಯಿಂದ ಯಾರೂ ಪಲ್ಟನ್ನಿಗೆ ಹೋದವರಿಲ್ಲ. ಪಾರಿಶ್ವಾಡ ಖಾನಾಪುರ ತಾಲೂಕಿನಲ್ಲಿದ್ದರೂ ಕಿತ್ತೂರು-ಬೈಲಹೊಂಗಲದ ಕಡೆ ಮುಖ ಮಾಡಿದ ಊರು, ಹೆಚ್ಚಿನವರು ಹೊಲ ಉಳೋರು. ಒಂದೇ ಓಣಿ, ಒಂದೇ ಬಾವಿ. ಆದರೆ ಭರ್ತಿ ಮಾಡೋ ಸಾಹೇಬನ ಪುಸ್ತಕದಲ್ಲಿ ಈ ಮನೆಗೆ ಒಂದು ಕಾಲಂ, ಆ ಮನೆಗೆ ಇನ್ನೊಂದು. ಹಳೆ ಮರಾಠಾ ಪಲ್ಟನ್‌ಗಳಲ್ಲಿ ದಖ್ಖನಿ ಮರಾಠಾ ಇಷ್ಟು ಕಂಪನಿ, ಕೊಂಕಣಿ ಮರಾಠಾ ಇಷ್ಟು, ದಖ್ಖನಿ ಮುಸಲ್ಮಾನರು ಇಷ್ಟು ಅಂತ ಲೆಕ್ಕ ಹಾಕಿಯೇ ತಗೊಳ್ಳುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಮತ್ತೆ ಜನ ಸಾಲದಾದಾಗ ಒಂದು ಲಿಂಗಾಯತ ಬೆಟಾಲಿಯನ್ನನ್ನೂ ಒಂದು ಕೊಡಗು ಬೆಟಾಲಿಯನ್ನನ್ನೂ ಕಟ್ಟಿದ್ದರು. ನಮ್ಮಜ್ಜಿಗೆ ಇದನ್ನ ಹೇಳಿದೆ. “ಛಲೋ ಆತು ಬಿಡು, ನಿಮ್ಮಜ್ಜ ಹೋಗಿದ್ರ ನೀ ಎಲ್ಲಿರ್ತಿದ್ದಿ” ಅಂದ್ಲು. ಅಜ್ಜಿಯ ಲೆಕ್ಕದ ಮುಂದೆ ಯಾವ ಸಿದ್ಧಾಂತ?

ಇನ್ನು 1945ರ ನಂತರದ್ದು. ಅದು ಸ್ವಲ್ಪ ಬೇಗ ಹೇಳ್ತೀನಿ, ಯಾಕಂದ್ರೆ ಕಾಕಾಗಳ ಅಜ್ಜ ಅಷ್ಟೊತ್ತಿಗೆ ಹೊಲ ಸೇರಿದ್ದ.

ಯುದ್ಧ ಮುಗಿದ ಮೇಲೆ ರೆಜಿಮೆಂಟಿನ ಹೆಸರಿನ ಮುಂದಿದ್ದ 5 ಬಿದ್ದುಹೋಯಿತು. ಸ್ವಾತಂತ್ರ್ಯದ ನಂತರ ಇಂಗ್ಲಿಷಿನ ಸ್ಪೆಲ್ಲಿಂಗೂ ಬದಲಾಯಿತು. ಕನ್ನಡದಲ್ಲಿ ನಾವು ಮೊದಲಿನಿಂದಲೂ ಮರಾಠಾ ಅಂತಲೇ ಬರೀತಿದ್ದದ್ದರಿಂದ ನಮಗೆ ಆ ತಂಟೆ ಇಲ್ಲ. ಸಂಸ್ಥಾನಗಳು ವಿಲೀನವಾದಾಗ ಅವುಗಳ ದಂಡೂ ವಿಲೀನವಾಯಿತು. ಕೊಲ್ಹಾಪುರದ ರಾಜಾರಾಮ್ ರೈಫಲ್ಸ್ ಮರಾಠಾ ಎಲ್‌ಐಗೆ ಬಂತು. ಮೈಸೂರು ಇನ್‌ಫಂಟ್ರಿ, ಮತ್ತೆ ಜೀವ ಪಡೆದಿದ್ದ ಮದ್ರಾಸ್ ರೆಜಿಮೆಂಟಿಗೆ ಹೋಗಿ 18 ಮದ್ರಾಸ್ ಆಯಿತು. ಮೈಸೂರು ಮಹಾರಾಜರ ಪಲ್ಟನ್ ಎಲ್ಲಿ ಅಂತ ಹುಡುಕುವವರು ಮದ್ರಾಸ್ ಅಂತ ಹುಡುಕಬೇಕು!

ನನ್ನನ್ನ ತುಂಬ ಕಾಡಿದ್ದು 3ನೇ ಬೆಟಾಲಿಯನ್ನಿನ ಕಥೆ. ಹಳೆಯ 110, ಕುತ್‌ನಲ್ಲಿ ಸೆರೆಸಿಕ್ಕದ್ದು. 3/5 ಆಗಿ ಎರಡನೇ ಮಹಾಯುದ್ಧದಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡಗಳಲ್ಲಿ ಹೋರಾಡಿತು. ಆಮೇಲೆ ಇಟಲಿ. 1944ರ ಜುಲೈ 10ರಂದು ಅಲ್ಲಿಯ ಟೈಬರ್ ಕಣಿವೆಯಲ್ಲಿ ನಾಯಕ್ ಯಶವಂತ ಘಾಡ್ಗೆ, ತನ್ನ ಸೆಕ್ಷನ್ನಿನವರೆಲ್ಲ ಬಿದ್ದ ಮೇಲೂ ಒಬ್ಬನೇ ಮಶೀನ್‌ಗನ್ ಮೇಲೆ ನುಗ್ಗಿ ಪ್ರಾಣ ಬಿಟ್ಟ. ವಿಕ್ಟೋರಿಯಾ ಕ್ರಾಸ್ ಬಂತು. (ಒಂದನೇ ಬೆಟಾಲಿಯನ್ನಿನ ನಾಮದೇವ್ ಜಾಧವ್‌ಗೂ ಮರುವರ್ಷ, 1945ರ ಏಪ್ರಿಲ್ 9ರ ಸೆನಿಯೋ ನದಿಯ ಕಾಳಗಕ್ಕೆ ಅದೇ ಪದಕ ಬಂತು. ಅವರು ಬದುಕಿ ಬಂದರು.) ಈಗ ಘಾಡ್ಗೆಯ ಆ ಬೆಟಾಲಿಯನ್ ಎಲ್ಲಿ? ಮರಾಠಾ ಎಲ್‌ಐನಲ್ಲಿ ಇಲ್ಲ. ಯುದ್ಧದ ನಂತರ ಅದನ್ನ ಪ್ಯಾರಾಶೂಟ್ ಪಡೆಗೆ ತಿರುಗಿಸಿದರು. 1948ರ ಮಾರ್ಚಿನಲ್ಲಿ ಕಾಶ್ಮೀರದ ಝಂಗರ್ ವಾಪಸ್ ಪಡೆದ ಬ್ರಿಗೇಡಿಯರ್ ಉಸ್ಮಾನ್‌ರ ಬ್ರಿಗೇಡಿನಲ್ಲಿ ಅದು ಇತ್ತು. 1952ರಲ್ಲಿ ಪ್ಯಾರಾಶೂಟ್ ರೆಜಿಮೆಂಟ್ ಬೇರೆಯಾದಾಗ ಅದಕ್ಕೆ 2 ಪ್ಯಾರಾ ಅಂತ ಹೆಸರಾಯಿತು. ಘಾಡ್ಗೆಯ ಮನೆಯವರು ಯಾರಾದರೂ ಅವನ ಪಲ್ಟನ್ನಿಗೆ ಹೂ ಇಡಬೇಕು ಅಂದ್ರೆ ಯಾವ ಊರಿಗೆ ಹೋಗಬೇಕು? ಬೆಳಗಾವಿಗೋ, ಇನ್ನೆಲ್ಲಿಗೋ? ಎರಡಕ್ಕೂ ಸರಿ, ಎರಡೂ ಪೂರ್ತಿ ಅಲ್ಲ.

ಹಬ್ಬದ ಮೂರನೇ ದಿನ ಇಬ್ಬರು ಕಾಕಾಗಳನ್ನೂ ನಮ್ಮ ಪಡಸಾಲೆಗೆ ಕರೆದೆ. ಬರಲ್ಲ ಅಂದ್ರು, ಬಂದ್ರು. ಒಬ್ಬರು ಬಾಗಿಲ ಹತ್ತಿರ, ಒಬ್ಬರು ಕಿಟಕಿ ಹತ್ತಿರ. ನಡುವೆ ನಮ್ಮಪ್ಪ, ರೆಫರಿ ಹಾಗೆ. ನಾನು ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಎಡಗಡೆ ಹಳೆ ನಂಬರು, ಬಲಗಡೆ ಹೊಸ ನಂಬರು ಬರೆದು ಗೆರೆ ಎಳೆದಿದ್ದೆ. 103ರಿಂದ 1/5ಕ್ಕೆ, 105ರಿಂದ 2/5ಕ್ಕೆ. 114ರ ಗೆರೆ ಎಲ್ಲಾ ದಾಟಿ ಕೆಳಗೆ 10/5ಕ್ಕೆ.

“ಅಜ್ಜ 114ಕ್ಕ ಭರ್ತಿ ಆಗಿ ಇರಾಕಿಗೆ ಹೋದ್ರ ಮೆಡಲ್‌ದಾಗ 114 ಬರ್ತದ. ವಾಪಸ್ ಬಂದ ಮ್ಯಾಗ 1922ಕ್ಕ ಪಲ್ಟನ್‌ದ ಹೆಸರ 10/5 ಆತು. 1925ಕ್ಕ ಬಿಟ್ಟು ಬಂದ್ರ ಕಾಗದದಾಗ 10/5 ಬರ್ತದ. ಎರಡೂ ಖರೇ ಇರಬಹುದು ಕಾಕಾ.”

ಇರಬಹುದು ಅಂದೆ. ಯಾಕಂದ್ರೆ ಆ ಮೆಡಲ್ ಇದೇ ಅಜ್ಜನದ್ದು ಅಂತ ನಾನು ಸಾಬೀತು ಮಾಡಿಲ್ಲ. ನಂಬರು ಸವೆದಿದೆ, ಹೆಸರು ಅರ್ಧ ಇದೆ. ನನ್ನ ಕೆಲಸ ಇಷ್ಟೇ: ನಂಬರು ಹೊಂದಲ್ಲ, ಅದಕ್ಕೇ ಸುಳ್ಳು ಅನ್ನೋ ಮಾತು ಇನ್ನು ನಡೆಯಲ್ಲ. ಇದನ್ನೂ ಹೇಳಿದೆ. ಹೇಳಬಾರದಿತ್ತು ಅಂತ ಆಮೇಲೆ ಅಪ್ಪ ಬೈದರು.

ಕಿರಿಯ ಕಾಕಾ ಹಾಳೆಯನ್ನ ಬಹಳ ಹೊತ್ತು ನೋಡಿದರು. ಬೆರಳಿಂದ 114ರ ಗೆರೆ ಹಿಡಿದು ಕೆಳಗಿನವರೆಗೂ ಬಂದರು. ಹಿರಿಯ ಕಾಕಾ ಕಿಟಕಿಯಿಂದಾಚೆ ನೋಡ್ತಿದ್ದರು. ಆಮೇಲೆ ಕಿರಿಯವರು ಹಿರಿಯವರ ಮುಖ ನೋಡದೆ, ನನ್ನ ಕಡೆ ತಿರುಗಿ ಕೇಳಿದರು: “ಆ ಮೆಡಲ್ ಒಂದೀಟು ಕೈಯಾಗ ಹಿಡಿದು ನೋಡಬಹುದೇನು ಅಂತ ಕೇಳು ಅವರನ್ನ.”

ಮೂರಡಿ ದೂರದಲ್ಲಿ ಕೂತವರನ್ನ ನಾನು ಕೇಳಬೇಕಂತೆ. ಕೇಳಿದೆ. ಹಿರಿಯ ಕಾಕಾ ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟರು, ನಾನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ ಅಂಚನ್ನ ಬೆಳಕಿಗೆ ಹಿಡಿದರು. “ಅಜ್ಜನ ಎದಿ ಮ್ಯಾಲ ಇಂಥಾದ್ದೊಂದು ಇತ್ತು ಅಂತ ನಮ್ಮವ್ವ ಅಂತಿದ್ಲು,” ಅಂದ್ರು ಕೊನೆಗೆ, ಮೆತ್ತಗೆ.

ಕಲ್ಲಿನ ಮೇಲೆ ಎರಡೂ ಬರೆಸೋದು ಅಂತ ಆಯ್ತು: 114 ಮರಾಠಾ, 10/5 ಮರಾಠಾ. ಮೊದಲು ಯಾವುದು ಅನ್ನೋದಕ್ಕೆ ಅರ್ಧ ಗಂಟೆ ಹೋಯ್ತು. ಯುದ್ಧ ಮೊದಲು ಆದದ್ದು, ಅದಕ್ಕೆ 114 ಮೇಲೆ ಅಂತ ಅಪ್ಪ ತೀರ್ಪು ಕೊಟ್ಟರು. ಕಲ್ಲು ಕೆತ್ತುವವನಿಗೆ ನನ್ನ ಫೋನಿನಿಂದಲೇ ಹಚ್ಚಿದೆ. ಅಕ್ಷರಕ್ಕೆ ಇಷ್ಟು, ಅಂಕಿಗೆ ಅಷ್ಟೇ, ನಡುವಿನ ಓರೆ ಗೆರೆಗೂ ಒಂದು ಅಕ್ಷರದ ದುಡ್ಡು ಅಂದ. ಸ್ಪೀಕರ್ ಆನ್ ಇತ್ತು.

“10/5 ಅವರದು,” ಅಂದ್ರು ಹಿರಿಯ ಕಾಕಾ. “ಓರೆ ಗೆರೀದ ರೊಕ್ಕ ಅವರ ಕೊಡಲಿ.”